ಕೇಳುವ ಮೊದಲೇ ಕೊಟ್ಟ ಮಾತು

ನನ್ನ ಗಂಡ ದೈಫುಲ್ಲಾ ಕೆಟ್ಟವನಲ್ಲ. ಅದೇ ನನ್ನ ಸಂಕಟ. ಕೆಟ್ಟವನಾಗಿದ್ದರೆ ಬಾಯಿಗೆ ಬಂದಂತೆ ಬೈದು ಹಗುರಾಗುತ್ತಿದ್ದೆ.

ಮಗಳು ರುಬಾ ಶಾಲೆ ಮುಗಿಸುವ ತೌಜಿಹಿ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ತೆಗೆದೂ, ಕಾಲೇಜು ಬೇಡ, ನಲ್ಲಿ ರಿಪೇರಿ ಕಲಿಯುತ್ತೇನೆ ಎಂದಾಗ ಕರಕ್ ಊರಿಗೆ ಊರೇ ನಕ್ಕಿತು. ನಗಲಿ ಬಿಡಿ. ನಮ್ಮಲ್ಲಿ ನೀರು ಬಿಡುವುದು ವಾರಕ್ಕೊಮ್ಮೆ. ಆ ದಿನವೇ ಪೈಪು ಒಡೆದರೆ, ಮನೆಯಲ್ಲಿ ಒಂಟಿಯಾಗಿರುವ ಹೆಂಗಸು ಪರಗಂಡಸನ್ನು ಒಳಗೆ ಕರೆಯುವಂತಿಲ್ಲ. ವಾರದ ನೀರೆಲ್ಲ ಮೆಟ್ಟಿಲಿಳಿದು ಹೋಗುವುದನ್ನು ನೋಡುತ್ತ ನಿಲ್ಲಬೇಕು. ನಾನೂ ನಿಂತಿದ್ದೇನೆ. ರುಬಾ ಅದನ್ನು ನೋಡಿಕೊಂಡೇ ಬೆಳೆದವಳು. ದೈಫುಲ್ಲಾನೇ ಅವಳನ್ನು ತರಬೇತಿ ಕೇಂದ್ರಕ್ಕೆ ಕರೆದೊಯ್ದು ಹೆಸರು ಬರೆಸಿದ. ಬರುವಾಗ ಅವಳಿಗೇ ಅಂತ ಒಂದು ಪೈಪು ಸ್ಪ್ಯಾನರ್ ಕೊಡಿಸಿದ. ಹುಡುಗಿ ಅದನ್ನು ದಿಂಬಿನ ಪಕ್ಕ ಇಟ್ಟುಕೊಂಡು ಮಲಗಿದಳು.

ತರಗತಿ ಶುರುವಾಗುವ ಮುಂಚಿನ ಶುಕ್ರವಾರ ನನ್ನ ಭಾವ ಹಾಯಿಲ್ ಹಿರಿಯರನ್ನು ಕಟ್ಟಿಕೊಂಡು ಬಾಗಿಲಿಗೆ ಬಂದ. ನಮ್ಮ ಜಮೀನಿನೊಳಗಿನ ಕಾಲುದಾರಿಯ ಜಗಳದಿಂದ ಅಣ್ಣತಮ್ಮಂದಿರ ನಡುವೆ ವರ್ಷದಿಂದ ಮಾತಿರಲಿಲ್ಲ. ಮುಂದೆ ಕುಲದ ಯಜಮಾನ ಶೇಖ್ ಫವ್ವಾಜ್, ಹಿಂದೆ ನಿವೃತ್ತ ಹೆಡ್‌ಮಾಸ್ತರು. ಅಂಥ ದೊಡ್ಡ ಮನುಷ್ಯರು ನಮ್ಮ ಹೊಸ್ತಿಲು ತುಳಿದವರೇ ಅಲ್ಲ. ನನ್ನ ಗಂಡ ಉಬ್ಬಿಹೋದ.

"ದಾರಿ ಕೇಳೋಕೆ ಬಂದಿದಾರೆ ಕಣೇ," ಎಂದು ಒಳಗೆ ಬಂದು ಪಿಸುಗುಟ್ಟಿದ. "ಕೊಟ್ಟುಬಿಡ್ತೀನಿ. ಶೇಖ್ ಎದುರಿಗೆ ಸಣ್ಣೋನಾಗಲ್ಲ ನಾನು."

"ಮೊದ್ಲು ಅವ್ರು ಬಾಯಿ ಬಿಡ್ಲಿ, ತಡ್ಕೊ," ಎಂದೆ. ಯಾರು ಕೇಳುತ್ತಾರೆ?

ರುಬಾ ಕಾಫಿ ಕಾಸಿಕೊಟ್ಟಳು. ಅವಳಪ್ಪ ಎಲ್ಲರ ಕೈಗೂ ಕೊಟ್ಟ. ನಾವಿಬ್ಬರೂ ಬಾಗಿಲ ಮರೆಯಲ್ಲಿ ನಿಂತೆವು. ಶೇಖ್ ಬಟ್ಟಲನ್ನು ತುಟಿಗೆ ತಾಗಿಸದೆ ಮುಂದಿಟ್ಟ. ನಮ್ಮಲ್ಲಿ ಕೇಳಿದ್ದು ಸಿಗುವವರೆಗೂ ಹಿರಿಯ ಕಾಫಿ ಕುಡಿಯುವುದಿಲ್ಲ. ಕುಡಿಯದೆ ಎದ್ದು ಹೋದರೆ ಮನೆಯ ಮಾನ ಹೋಯಿತು; ಕುಡಿದರೆ ಕೊಟ್ಟ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ. ಶೇಖ್ ಇನ್ನೂ ಗಂಟಲು ಸರಿಮಾಡಿಕೊಳ್ಳುತ್ತಿದ್ದ.

"ಕುಡೀರಿ ಶೇಖ್," ಎಂದ ನನ್ನ ಗಂಡ, ಎದೆಯ ಮೇಲೆ ಕೈಯಿಟ್ಟು. "ನೀವು ಕೇಳೋ ಮುಂಚೆನೇ ಕೊಟ್ಟಾಯ್ತು."

"ಏನು ಎತ್ತ ಅಂತ ಕೇಳೋದಿಲ್ವೇನಯ್ಯಾ?"

"ನಿಮ್ಮನ್ನ ಹಂಗೆ ಕೇಳೋದುಂಟಾ? ಕುಡೀರಿ."

ಶೇಖ್ ಕುಡಿದ. ಆಮೇಲೆ ಹೇಳಿದ: "ನಿನ್ನ ಮಗಳು ಊರೋರ ಕಕ್ಕಸು ಬಿಚ್ಚೋಕೆ ಹೋಗೋದು ಬೇಡಪ್ಪ. ಹಾಯಿಲ್‌ನ ಬೀಗರು ಆಡ್ಕೊಂಡು ನಗ್ತಿದಾರೆ. ಕಾಲೇಜಿಗೆ ಕಳ್ಸು. ಇಷ್ಟೇ ನಾವು ಬಂದಿದ್ದು."

ಹಾಯಿಲ್ ತನ್ನ ಬಟ್ಟಲನ್ನು ನೆಮ್ಮದಿಯಾಗಿ ಖಾಲಿ ಮಾಡಿ, "ನಮ್ಮ ತಮ್ಮನ ಮಾತು ಅಂದ್ರೆ ಮಾತು," ಎಂದ. ಆ ಬಟ್ಟಲನ್ನು ಅವನ ಹಲ್ಲಿಗೆ ಕುಟ್ಟಬೇಕೆನಿಸಿತು ನನಗೆ.

ಅವರು ಎದ್ದು ಹೊರಗೆ ಹೋದದ್ದೇ ತಡ, ರುಬಾ ನಡುಮನೆಗೆ ಬಂದಳು.

"ಅಪ್ಪ, ಅವ್ರಿನ್ನೂ ಕಾರು ಹತ್ತಿಲ್ಲ. ಹೋಗಿ ಆಗಲ್ಲ ಅಂತ ಹೇಳು."

"ಕುಡಿದಾಯ್ತಲ್ಲಮ್ಮ."

"ನನ್ನನ್ನ ಯಾವನಾದ್ರೂ ಮುದುಕನಿಗೆ ಕಟ್ಟು ಅಂತ ಕೇಳಿದ್ದಿದ್ರೆ?"

"ಹಂಗೆಲ್ಲ ಯಾರು ಕೇಳ್ತಾರೆ?"

"ಕೇಳಿದ್ದಿದ್ರೆ?"

"ಕೊಡ್ತಿದ್ದ ಕಣೆ," ಎಂದೆ ನಾನು. ಅವನು ಇಲ್ಲ ಎನ್ನಲಿಲ್ಲ. ಹೊರಗೆ ಕಾರುಗಳು ಹೊರಟ ಸದ್ದಾಯಿತು.

ರುಬಾ ಈಗ ಕಾಲೇಜಿಗೆ ಹೋಗುತ್ತಾಳೆ, ಏನೋ ಇತಿಹಾಸವಂತೆ. ಯಾಕೆ ಅದೇ ಎಂದರೆ, ಯಾವುದಾದರೇನು ಅನ್ನುತ್ತಾಳೆ. ಆವತ್ತಿನಿಂದ ಅಪ್ಪನ ಹತ್ತಿರ ಅವಳು ಏನನ್ನೂ ಕೇಳಿಲ್ಲ. ಹಬ್ಬಕ್ಕೆ ಬಟ್ಟೆ ಕೂಡ ಕೇಳಿಲ್ಲ. ಮಗಳಿಗೆ ಎಷ್ಟು ಗಾಂಭೀರ್ಯ ಬಂದುಬಿಟ್ಟಿದೆ ನೋಡಿ, ಎಲ್ಲ ಕಾಲೇಜಿನ ಗುಣ ಎಂದು ದೈಫುಲ್ಲಾ ಮನೆಗೆ ಬಂದವರಿಗೆಲ್ಲ ಹೇಳುತ್ತಾನೆ.