ದಿಂಡಿಗಲ್ಲಿನ ಖಾಲಿ ಬೀದಿಗಳು

ಮದುವೆಯಾದ ಮಗಳು ಇಂದುಜಾಳನ್ನು ಬಿಡಲು ದಿಂಡಿಗಲ್ಲಿಗೆ ಬಂದ ಓಚ್ಚಮ್ಮಾಳ್, ಬಸ್ಸಿಳಿದೊಡನೆ ಮೂಗಿಗೆ ಹಿಡಿದ ಸೆರಗನ್ನು ಹಿಂದಿರುಗುವ ಬಸ್ಸು ಹತ್ತುವವರೆಗೂ ತೆಗೆದಿರಲಿಲ್ಲ. ಆ ದಿನ ಗಾಳಿ ತೊಗಲು ಹದಮಾಡುವ ಕಡೆಯಿಂದ ಬೀಸುತ್ತಿತ್ತು. ಅಂದಿನಿಂದ ಅವಳ ಪಾಲಿಗೆ ದಿಂಡಿಗಲ್ಲೆಂದರೆ ನಾತ, ಅಷ್ಟೇ. ಇಂದುಜಾ ಬಾ ಎಂದಾಗಲೆಲ್ಲ, "ದ್ರಾಕ್ಷಿ ಕೊಯ್ಲು ಮುಗೀಲಿ ಪಾಪಾ" ಎನ್ನುವಳು. ಮನೆಯಲ್ಲಿ ಕನ್ನಡ, ಹೊರಗೆ ತಮಿಳು ಆಡುವ ಅವರ ಊರು ಕಾಮಯಗೌಂಡನ್‌ಪಟ್ಟಿಯಲ್ಲಿ ಒಂದಲ್ಲ ಒಂದು ತೋಟದಲ್ಲಿ ವರ್ಷವಿಡೀ ಕೊಯ್ಲೇ.

ಇಂದುಜಾ ವಾದ ಮಾಡುವವಳಲ್ಲ. ಅರ್ಧಕ್ಕೇ ಶಾಲೆ ಬಿಟ್ಟವಳು. ಹೊಸಬರೆದುರು ಮಾತು ಹೊರಡದು, ಕಣ್ಣು ಮಾತ್ರ ಬಲು ಚುರುಕು. ಗಂಡ ವಸಂತಕುಮಾರ್ ಕೆಲಸಕ್ಕೆ ಹೊರಟ ಮೇಲೆ ಫೋನು ಹಿಡಿದು ಊರು ಸುತ್ತತೊಡಗಿದಳು. ಕೋಟೆಬಂಡೆಯ ಮೇಲಿನ ಎಳೆಬಿಸಿಲು, ಬೀಗ ಮಾಡುವವರ ಹಸಿರು ಬಾಗಿಲು, ಸಿರುಮಲೆ ಬೆಟ್ಟದ ಬಾಳೆಗೊನೆ ಒರಗಿಸಿದ ಗೋಡೆ. ದಿನವೂ ಫೋಟೋ ತೆಗೆದು ಅವ್ವನಿಗೆ ಕಳಿಸುವಳು. ಯಾರಾದರೂ ಅಡ್ಡ ಬಂದರೆ ನಾಚಿ ಫೋನು ಇಳಿಸಿ, ಅವರು ದಾಟಿಹೋಗುವವರೆಗೆ ಕಾಯುವಳು.

ಒಂದು ಸಂಜೆ ಅವ್ವನ ಫೋನು ಬಂತು.

"ಪಾಪಾ, ಆ ಊರಾಗೆ ಮನ್ಸರೇ ಇಲ್ವಾ?"

"ಯಾಕವ್ವಾ?"

"ದಿನಾ ನೋಡ್ತೀನಿ. ಕಲ್ಲು, ಗೋಡೆ, ಬಾಗ್ಲು. ಒಂದು ಮೊಗ ಇಲ್ಲೆ. ನಾತ ಆದ್ರೂ ಪರವಾಯಿಲ್ಲೆ. ಒಬ್ಬಳೇ ಎಂಗವ್ವಾ ಇದ್ದೀಯ ಅಲ್ಲಿ?"

ಇಂದುಜಾ ತಾನು ಕಳಿಸಿದ್ದನ್ನೆಲ್ಲ ಒಂದೊಂದಾಗಿ ತಿರುವಿ ನೋಡಿದಳು. ಅವ್ವನನ್ನು ಹತ್ತಿರ ಕರೆಯಲು ತೆಗೆದ ಚಿತ್ರಗಳೇ ಅವಳನ್ನು ಇನ್ನಷ್ಟು ದೂರ ತಳ್ಳಿದ್ದವು.

ಮರುದಿನ ಬೆಳಿಗ್ಗೆ ನೇರ ಹೂವಿನ ಮಾರುಕಟ್ಟೆಗೆ ಹೋದಳು. ತಾನು ದಿನವೂ ಮಲ್ಲಿಗೆ ಕೊಳ್ಳುತ್ತಿದ್ದ ಹೂವಾಡಗಿತ್ತಿ ಮುತ್ತುಮಾರಿಯ ಮುಂದೆ ನಿಂತು, "ಅಕ್ಕಾ, ನಿಮ್ಮದೊಂದು ಫೋಟೋ ತೆಗೀಲಾ?" ಎಂದು ತಮಿಳಿನಲ್ಲಿ ಕೇಳುವಷ್ಟರಲ್ಲಿ ಬೆವೆತುಹೋದಳು.

ಮುತ್ತುಮಾರಿ ಬಾಯಿಬಿಟ್ಟು ನೋಡಿದಳು. "ಅಯ್ಯಯ್ಯೋ, ಇದಕ್ಕೆ ಮಾತು ಬರುತ್ತಾ! ದಿನಾ ಬೆರಳು ತೋರಿಸಿ ಕೊಳ್ತಿದ್ದೆಯಲ್ಲ, ಮೂಗಿ, ಪಾಪ ಅಂತ ನಾನೇ ಒಂದು ಹಿಡಿ ಜಾಸ್ತಿ ಹಾಕ್ತಿದ್ದೆ ಕಣೇ. ಇನ್ಮೇಲೆ ಅಳತೆಗೆ ಸರಿಯಾಗೇ ಕೊಡೋದು!"

ಸುತ್ತಲಿನವರು ನಕ್ಕರು. ಇಂದುಜಾಗೂ ನಗು ಬಂತು.

"ಯಾರಿಗೆ ಫೋಟೋ?"

"ಅವ್ವನಿಗೆ. ಈ ಊರಲ್ಲಿ ಜನವೇ ಇಲ್ಲ ಅಂತಾಳೆ."

"ಹಾಗಂದಳಾ? ಫೋಟೋ ಆಮೇಲಿರಲಿ. ಫೋನಲ್ಲೇ ಕರೆ ಆಕೆಯನ್ನ, ನೋಡೇಬಿಡೋಣ."

ವೀಡಿಯೊದಲ್ಲಿ ಅವ್ವನ ಮುಖ ಮೂಡಿತು. ಇಬ್ಬರೂ ತಮಿಳಿನಲ್ಲಿ ಮಂಡಿನೋವಿನಿಂದ ಶುರುಮಾಡಿ ಸೊಸೆಯಂದಿರವರೆಗೆ ಹೋದರು. ಫೋನು ಹಿಡಿದವಳನ್ನು ಮರೆತೇಬಿಟ್ಟರು. ಬುಟ್ಟಿ ಹೊತ್ತವರು ತಾಗಿಕೊಂಡು ಹೋಗುತ್ತಿದ್ದರು. ಕೈ ಸೋತರೂ ಇಂದುಜಾ ಇಳಿಸಲಿಲ್ಲ.

"ಒಂದ್ಸಲ ಬನ್ನಿ ಅಕ್ಕಾ," ಎಂದಳು ಮುತ್ತುಮಾರಿ.

"ನೋಡೋಣ," ಎಂದಳು ಅವ್ವ. ಆಮೇಲೆ ಸ್ವಲ್ಪ ತಡೆದು, "ಈಗ ಒಂದು ಮೊಳ ನಮ್ಮ ಪಾಪನಿಗೆ ಮುಡಿಸಿಬಿಡಿ," ಎಂದಳು.

ಮುತ್ತುಮಾರಿ ಇಂದುಜಾಳ ಹೆಗಲು ಹಿಡಿದು ತಿರುಗಿಸಿ ಜಡೆಗೆ ಹೂ ಸಿಕ್ಕಿಸಿದಳು. ನೀರಲ್ಲಿ ನೆನೆದ ತಣ್ಣನೆಯ ಬೆರಳು ಕುತ್ತಿಗೆಗೆ ತಾಗಿತು. ಅದು ಅವ್ವನ ಕೈಯಲ್ಲವೆಂದು ಗೊತ್ತಿದ್ದರೂ ಇಂದುಜಾ ಒಂದಷ್ಟು ಹೊತ್ತು ಹಿಂತಿರುಗಿ ನೋಡಲಿಲ್ಲ.