ಹತ್ತಿ ಅಂಡಿಗೆಯ ದಾರಿ

ಹೊಳಗುಂದದ ಕಡೆ ಯಾರಾದರೂ ಹೊಸ ಮನೆ ಕಟ್ಟಿಸಿದರೆ ಜನ ಮಾಳಿಗೆ ನೋಡುವುದಿಲ್ಲ, ಬಾಗಿಲು ನೋಡುವುದಿಲ್ಲ. ಮೊದಲು ಕಟ್ಟೆ ನೋಡುತ್ತಾರೆ. ಕಟ್ಟೆ ಮೊಣಕಾಲಿನಷ್ಟಿದ್ದರೆ ಸಾಮಾನ್ಯರ ಮನೆ. ಸೊಂಟದಷ್ಟಿದ್ದರೆ ಉಳ್ಳವರ ಮನೆ. ಎದೆಮಟ್ಟಕ್ಕಿದ್ದರೆ ಸಾವುಕಾರರ ಮನೆ, ಅದರ ಮುಂದೆ ಹಾಯುವವರು ಕೆಮ್ಮುವುದಕ್ಕೂ ಯೋಚಿಸಬೇಕು. ಒಳಗಿರುವವರು ಹೇಗಿದ್ದಾರೆ ಎಂದು ಮಾತ್ರ ಕಟ್ಟೆ ಹೇಳುವುದಿಲ್ಲ. ಕೇಳುವವರೂ ಕಡಿಮೆ.

ಗುರುಶಾಂತಮ್ಮನ ಹೊಸ ಮನೆಯ ಕಟ್ಟೆ ಎದೆಮಟ್ಟಕ್ಕಿತ್ತು. ಆಕೆಯೇ ಹಟ ಹಿಡಿದು ಕಟ್ಟಿಸಿದ್ದು. ಆಗ ಯುದ್ಧದ ಕಾಲ. ಸೀಮೆಎಣ್ಣೆ ಸಿಗದೆ ಊರು ಸಂಜೆಗೇ ಉಂಡು ಮಲಗುತ್ತಿತ್ತು. ಆದರೂ ಆ ವರ್ಷ ಹತ್ತಿ ವ್ಯಾಪಾರ ಆ ಮನೆಯವರ ಕೈ ಹಿಡಿದಿತ್ತು. ಮಗ ಸೋಮಶೇಖರಪ್ಪ ಸುತ್ತಲಿನ ಹಳ್ಳಿಗಳ ಹತ್ತಿ ಕೊಂಡು, ಗೋಣಿತಟ್ಟಿನಲ್ಲಿ ತುರುಕಿ ದೊಡ್ಡ ದೊಡ್ಡ ಅಂಡಿಗೆ ಕಟ್ಟಿಸಿ, ಗಾಡಿಯ ಮೇಲೆ ಆದೋನಿಯ ಪೇಟೆಗೆ ಸಾಗಿಸುತ್ತಿದ್ದ.

"ಅವ್ವಾ, ಕಟ್ಟಿ ಸೊಂಟದ ಮಟ ಸಾಕಲ್ಲ" ಎಂದು ಅವನು ಅಂದಿದ್ದುಂಟು.

"ನಿಮ್ಮಪ್ಪನ ಹೆಸರಿಗೆ ತಕ್ಕಂಗ ಇರಬೇಕಪ್ಪ" ಎಂದಳು ತಾಯಿ. ತಕ್ಕ ಹಾಗೆಯೇ ಎದ್ದಿತು. ಮೆಟ್ಟಿಲುಗಳೂ ಅಷ್ಟೇ ಗತ್ತಿನವು. ಒಂದೊಂದು ಮೆಟ್ಟಿಲು ಹತ್ತುವಾಗಲೂ ಮನುಷ್ಯ ತಲೆಬಾಗಿ ಮೊಣಕಾಲು ಹಿಡಿದುಕೊಳ್ಳಬೇಕು.

ಆ ಮನೆಯಲ್ಲಿ ಹೂವಮ್ಮ ಇದ್ದಳು, ಗುರುಶಾಂತಮ್ಮನ ಮಗಳು. ಚಿಕ್ಕಂದಿನ ಜ್ವರದಲ್ಲಿ ಅವಳ ಎಡಗಾಲು ಸೊರಗಿಹೋಗಿತ್ತು. ಕಂಕುಳಿಗೆ ಬಡಿಗೆ ಊರಿ ನಡೆಯುತ್ತಿದ್ದಳು. ಹಳೆಯ ಮನೆಯ ಕಟ್ಟೆ ಬೀದಿಗೆ ಸಮನಾಗಿತ್ತು. ಬೆಳಗಾದರೆ ಹೂವಮ್ಮ ಅಲ್ಲಿ ಕೂತು ಕೌದಿ ಹೊಲಿಯುತ್ತಿದ್ದಳು. ಊರ ಹೆಂಗಸರು ಹಳೆಯ ಸೀರೆ ತಂದು ಮುಂದೆ ಹಾಕಿದರೆ, ಯಾವ ತುಂಡಿನ ಪಕ್ಕ ಯಾವ ತುಂಡು ಕೂರಬೇಕು ಎಂದು ಅವಳ ಕಣ್ಣಿಗೇ ಗೊತ್ತು. ಹೊಲಿಗೆಗಿಂತ ಮಾತೇ ಹೆಚ್ಚು ನಡೆಯುತ್ತಿತ್ತು ಅನ್ನಿ. ಯಾರ ಮನೆಯಲ್ಲಿ ಏನು ಸಾರು ಎಂಬುದು ಆ ಕಟ್ಟೆಗೆ ತಿಳಿಯದೆ ಊರಲ್ಲಿ ಒಗ್ಗರಣೆ ಬೀಳುತ್ತಿರಲಿಲ್ಲ.

ಹೊಸ ಮನೆಗೆ ಬಂದ ಮೇಲೆ ಹೂವಮ್ಮ ಒಮ್ಮೆ ಮೆಟ್ಟಿಲು ಇಳಿಯಲು ಹೋದಳು. ಬಡಿಗೆ ಜಾರಿತು, ಹಣೆ ಒಡೆಯಿತು. ಅಣ್ಣ ಗಾಬರಿಯಾಗಿ ಮುಂಬಾಗಿಲಿಗೆ ಅಗಳಿ ಹಾಕಿಸಿದ. "ನಿನಗೇನು ಕಡಿಮಿ ಮಾಡೀವಿ? ಕುಂತಲ್ಲೇ ಉಣ್ಣು, ಕುಂತಲ್ಲೇ ಇರು" ಎಂದ. ಪ್ರೀತಿಯಿಂದಲೇ ಅಂದ. ಆದರೆ ಪ್ರೀತಿಯ ಅಗಳಿಯೂ ಅಗಳಿಯೇ.

ಅಂದಿನಿಂದ ಹೂವಮ್ಮ ಸೂಜಿ ಮುಟ್ಟಲಿಲ್ಲ. ಮುಂಬಾಗಿಲಿಂದ ಹಿಂಬಾಗಿಲಿಗೆ, ಹಿಂಬಾಗಿಲಿಂದ ಮುಂಬಾಗಿಲಿಗೆ ಬಡಿಗೆ ಕುಟ್ಟುತ್ತಾ ಓಡಾಡುತ್ತಿದ್ದಳು. ಉಣ್ಣಲು ಕರೆದರೆ ಎರಡು ತುತ್ತು ತಿಂದು ಎದ್ದುಬಿಡುತ್ತಿದ್ದಳು. ಮೈ ಇಳಿಯಿತು, ಮಾತು ನಿಂತಿತು. ಆ ಟಕ್ ಟಕ್ ಸದ್ದು ಗುರುಶಾಂತಮ್ಮನ ಎದೆಯ ಮೇಲೇ ಬೀಳುತ್ತಿತ್ತು. ಆಕೆಗೂ ಕೂತಲ್ಲಿ ಕೂರಲಾಗದು. ಮಗಳು ಕೈತಪ್ಪಿ ಹೋಗುತ್ತಿದ್ದಾಳೆ ಎಂಬ ಭಯ. ಎದ್ದು ಅಕ್ಕಿ ಆರಿಸುವಳು, ಅರ್ಧಕ್ಕೆ ಬಿಟ್ಟು ಬೀದಿಯ ಕಿಟಕಿಗೆ ಹೋಗುವಳು, ಮತ್ತೆ ಬಂದು ಅದೇ ಅಕ್ಕಿಯನ್ನು ಮೊದಲಿಂದ ಆರಿಸುವಳು.

ಆಕೆಯ ಚಡಪಡಿಕೆಗೆ ಇನ್ನೊಂದು ಕಾರಣವಿತ್ತು. ಅದು ಯಾರಿಗೂ ಗೊತ್ತಿರಲಿಲ್ಲ. ಆಕೆಯ ಮೊಣಕಾಲುಗಳು ಹೋಗಿದ್ದವು. ಹೊಸ ಮನೆಯ ಮೆಟ್ಟಿಲು ಒಮ್ಮೆ ಇಳಿದವಳು, ಬೀದಿ ಖಾಲಿಯಾಗುವವರೆಗೆ ಕಾದು ಕೈಯೂರಿ ಅಂಬೆಗಾಲಲ್ಲಿ ಹತ್ತಿ ಒಳಗೆ ಸೇರಿದ್ದಳು. ಆಮೇಲೆ ಇಳಿದೇ ಇಲ್ಲ. ಯಾಕೆ ಕಾಣುವುದಿಲ್ಲ ಎಂದು ಯಾರಾದರೂ ಕೇಳಿದರೆ, "ಹೊಸ ಮನಿ ಬಿಟ್ಟು ಬರಾಕ ಮನಸಾಗವಲ್ದು" ಎನ್ನುವಳು. ತಾನೇ ಕಟ್ಟಿಸಿದ ಕಟ್ಟೆ. ಬಾಯಿ ಬಿಟ್ಟರೆ ಬಣ್ಣಗೇಡು.

ಒಂದು ದಿನ ಗಾದಿಲಿಂಗಮ್ಮ ಬಂದಳು. ಹಳೆಯ ಮನೆಯ ಪಕ್ಕದವಳು, ಗುರುಶಾಂತಮ್ಮನ ವಾರಿಗೆಯವಳು, ಈಗ ಸೋಮಶೇಖರಪ್ಪನ ಹತ್ತಿ ಕೋಣೆಯಲ್ಲಿ ಕೂಲಿ ಮಾಡುವವಳು. ಹತ್ತಿ ಕೋಣೆ ಮನೆಗೆ ಅಂಟಿಕೊಂಡೇ ಇತ್ತು. ಹಿತ್ತಲ ಬಾಗಿಲು ದಾಟಿದರೆ ಅದರ ನೆಲ ಮನೆಯ ನೆಲಕ್ಕೆ ಸಮ, ಅದರ ಮುಂದೆ ಬೀದಿಯವರೆಗೆ ಅಂಡಿಗೆ ಉರುಳಿಸುವ ಇಳಿಜಾರಿನ ಜಾರುಕಲ್ಲು. ಮನೆಯ ಹೆಂಗಸರು ಮಾತ್ರ ಆ ಕಡೆ ಕಾಲಿಡುತ್ತಿರಲಿಲ್ಲ. ಅದು ಕೂಲಿಯವರ ಜಾಗ.

"ನನ್ನ ಮಗಳು ಬಾಣಂತನಕ್ಕ ಬಂದಾಳಮ್ಮ. ಹೂವಮ್ಮಕ್ಕ ಹೊಲಿದ ಕೌದಿನಽ ಬೇಕು ಅಂತಾಳ" ಎಂದಳು ಗಾದಿಲಿಂಗಮ್ಮ, ಹಳೆಯ ಸೀರೆಗಳ ಗಂಟು ಇಳಿಸುತ್ತ.

"ಎಲ್ಲಿ ಹೊಲೀತಾಳ ಗಾದಿಲಿಂಗಿ? ಪಾಪ, ಕಾಲಿಲ್ಲದಾಕಿ."

"ಹಳೇ ಮನ್ಯಾಗ ಬ್ಯಾರೆ ಕಾಲು ಇದ್ವೇನು?"

"ಹಂಗಂದ್ರ?"

"ಅದಽ ಕಾಲು, ಅದಽ ಬಡಿಗಿ. ಆಗ ದಿನಾ ಹೊರಗ ಬರ್ತಿದ್ಲು. ಆಕಿ ಕಾಲು ಬದಲಾಗಿಲ್ಲಮ್ಮ. ನಿಮ್ಮ ಕಟ್ಟಿ ಬದಲಾತು."

ಗುರುಶಾಂತಮ್ಮನಿಗೆ ಚುರುಕ್ ಎಂದಿತು. "ಆಕಿ ಹಣಿಬರಕ್ಕ ನಾನೇನು ಮಾಡ್ಲಿ" ಎಂದಳು.

"ಹಣಿಬರ ಬ್ಯಾರೆ, ಹಣಿ ಒಡಿಯೋದು ಬ್ಯಾರೆ. ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಹತ್ತಿ ಕ್ವಾಣಿ ಮುಂದ ಮೆಟ್ಟಲ ಬಿಟ್ಟು ಜಾರುಕಲ್ಲು ಯಾಕ ಹಾಕಿಸೀರಿ?"

"ಮೆಟ್ಟಲ ಮ್ಯಾಲೆ ಉಳ್ಳಿಸಿದ್ರ ಅಂಡಿಗಿ ಹರದು ಹತ್ತಿ ಮಣ್ಣಪಾಲಾಗ್ತೈತಿ. ಅಷ್ಟೂ ಗೊತ್ತಿಲ್ಲೇನು ನಿನಗ?"

"ಗೊತ್ತೈತಿ. ಅದಕಽ ಕೇಳಿದೆ. ಅಂಡಿಗಿಗೆ ನೋವಾಗಬಾರದು ಅಂತ ದಾರಿ ಮಾಡೀರಿ. ಹಡೆದ ಮಗಳಿಗೆ ಅಗಳಿ ಹಾಕೀರಿ."

"ಚಲೋ ಹೇಳಿದಿ. ಸಾವುಕಾರ್ರ ಮನಿ ಮಗಳು ಅಂಡಿಗಿ ಉಳ್ಳಾಡೋ ದಾರ್ಯಾಗ ಬರಬೇಕೇನು? ಊರು ನಗತೈತಿ."

"ಊರು ನಗಲಿ ಬಿಡ್ರಿ. ಆಕಿ ನಕ್ಕು ಎಷ್ಟು ದಿನ ಆತು, ಅದನ್ನ ನೋಡ್ರಿ" ಎಂದು ಗಾದಿಲಿಂಗಮ್ಮ ಹತ್ತಿ ಕೋಣೆಗೆ ಹೊರಟುಹೋದಳು. ಸೀರೆಯ ಗಂಟನ್ನು ಬೇಕೆಂದೇ ಬಿಟ್ಟುಹೋದಳು. ಅಷ್ಟು ಹೊತ್ತೂ ಒಳಗೆ ಬಡಿಗೆಯ ಸದ್ದು ನಿಂತಿತ್ತು. ಹೂವಮ್ಮ ಬಾಗಿಲ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡಿದ್ದಳು.

ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ಗುರುಶಾಂತಮ್ಮ ಆ ಹೊತ್ತೆಲ್ಲ ಹಿತ್ತಲ ಬಾಗಿಲನ್ನೇ ನೋಡುತ್ತಿದ್ದಳು, ಹತ್ತಿರ ಮಾತ್ರ ಹೋಗಲಿಲ್ಲ.

ಆದೋನಿಗೆ ಗಾಡಿ ಹೊರಡುವ ದಿನ ಬಂತು. ಆ ದಿನಕ್ಕೆ ಮನೆಯಲ್ಲಿ ಒಂದು ಪದ್ಧತಿ ಇತ್ತು. ಎತ್ತು ಹೂಡಿದ ಮೇಲೆ ಮನೆಯ ಸೊಸೆ, ಸೋಮಶೇಖರಪ್ಪನ ಹೆಂಡತಿ, ತುಂಬಿದ ಕೊಡ ಹೊತ್ತು ಎದುರು ಬರಬೇಕು. ಕಾಲು ಊನವಾದವರು ಕಂಡರೆ ಅಪಶಕುನವೆಂದು ಹೂವಮ್ಮ ಎದುರಾಗಬಾರದು. ಗಂಡ ಸತ್ತ ಮೇಲೆ ಗುರುಶಾಂತಮ್ಮನೂ ಎದುರಾಗುವಂತಿರಲಿಲ್ಲ. ಗಾಡಿ ಹೊರಡುವವರೆಗೆ ತಾಯಿ ಮಗಳು ಒಳಕೋಣೆಯಲ್ಲಿ ಬಾಗಿಲು ಮುಚ್ಚಿಕೊಂಡು ಕೂರಬೇಕು. ಯಾರೂ ಗದರಿ ಕೂರಿಸುತ್ತಿರಲಿಲ್ಲ. ಹೊತ್ತಾದಾಗ ತಾವೇ ಎದ್ದು ಹೋಗಿ ಕೂರುತ್ತಿದ್ದರು, ಅಷ್ಟು ರೂಢಿಯಾಗಿತ್ತು.

ಅಂದು ಎತ್ತಿನ ಗಂಟೆ ಕೇಳಿಸಿದಾಗ ಹೂವಮ್ಮ ಸೀರೆಯ ಗಂಟನ್ನು ಬಗಲಿಗೆ ಕಟ್ಟಿಕೊಂಡು ಎದ್ದಳು.

"ಎಲ್ಲಿಗೆ?" ಎಂದಳು ತಾಯಿ.

"ಅಂಡಿಗಿ ಹೋಗೋ ದಾರಿಗೆ."

"ಇವತ್ತು ಬ್ಯಾಡವ್ವ. ಗಾಡಿ ಹೋಗ್ಲಿ. ನಾಳೆ ಹೋಗೀಯಂತೆ."

"ನಾಳೆ ಇನ್ನೊಂದು ನೆವ ಬರತೈತಿ. ಮುಂಬಾಗಲಿಗೆ ಅಗಳಿ, ಇಲ್ಲಿ ಅಪಶಕುನ. ನಾನು ಯಾವ ಪಾಪ ಮಾಡೀನಿ ಅಂತ ಎಲ್ಲಾರೂ ನನ್ನ ನೋಡಿದ ಕೂಡ್ಲೆ ಪಾಪ ಪಾಪ ಅಂತೀರಿ?"

ಅಷ್ಟು ದಿನಗಳಲ್ಲಿ ಅವಳಾಡಿದ ಉದ್ದ ಮಾತು ಅದೇ. ಗುರುಶಾಂತಮ್ಮ ಸೆರಗು ಹಿಡಿಯಲು ಕೈ ಚಾಚಿದಳು. ಕೈ ಅರ್ಧಕ್ಕೇ ನಿಂತಿತು.

ಹೂವಮ್ಮ ಹಿತ್ತಲ ಬಾಗಿಲು ದಾಟಿದಳು. ಹತ್ತಿ ಕೋಣೆಯ ಕೂಲಿಯವರು ಬೆಪ್ಪಾಗಿ ದಾರಿ ಬಿಟ್ಟರು. ಜಾರುಕಲ್ಲಿನ ಮೇಲೆ ಬಡಿಗೆ ಊರಿ, ಒಂದು ಕೈ ಗೋಡೆಗೆ ಕೊಟ್ಟು, ಮೆಲ್ಲಗೆ ಇಳಿಯತೊಡಗಿದಳು. ಕೆಳಗೆ ಬೀದಿಯಲ್ಲಿ ಗಾಡಿಗಳು ಸಾಲಾಗಿ ನಿಂತಿದ್ದವು.

"ಇನ್ನೊಂದು ಅಂಡಿಗಿ ಬಂತು ನೋಡ್ರಿ" ಎಂದು ಯಾರೋ ಅಂದರು. ನಗೆ ಎದ್ದಿತು.

ಸೋಮಶೇಖರಪ್ಪ ತಿರುಗಿ ನೋಡಿದ. ಮುಖ ಕಪ್ಪಿಟ್ಟಿತು. "ನರಸಣ್ಣಾ, ಎತ್ತು ಬಿಚ್ಚು. ಇವತ್ತು ಗಾಡಿ ಹೋಗಾದಿಲ್ಲ" ಎಂದ ಗಾಡಿಯವನಿಗೆ. ತಂಗಿಗೆ, "ಒಳಗ ನಡಿ" ಎಂದ.

ಹೂವಮ್ಮ ನಡುಜಾರಿನಲ್ಲಿದ್ದಳು. ಹಿಂದಕ್ಕೆ ತಿರುಗಿದರೆ ಬೀಳುತ್ತಾಳೆ. ಮುಂದಕ್ಕೆ ಹೋದರೆ ಅಣ್ಣ. ಅಷ್ಟು ಜನ ನಿಂತಿದ್ದರು, ಒಬ್ಬರೂ ಹೆಜ್ಜೆ ಕದಲಿಸಲಿಲ್ಲ. ಅಪಶಕುನವನ್ನು ಕೈಹಿಡಿದು ಇಳಿಸುವವರು ಯಾರು?

ಗುರುಶಾಂತಮ್ಮ ಹತ್ತಿ ಕೋಣೆಯ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡಿದಳು. ಎಷ್ಟು ಸಲ ಈ ಮಗಳ ದಾರಿಗೆ ತಾನೇ ಅಡ್ಡ ನಿಂತಿದ್ದೇನೆ ಎಂದುಕೊಂಡಳು. ಸೆರಗು ಸಿಕ್ಕಿಸಿಕೊಂಡು ಜಾರುಕಲ್ಲಿಗೆ ಕಾಲಿಟ್ಟಳು. ಮೊಣಕಾಲು ಚೀರಿದವು. ಗೋಡೆ ಹಿಡಿದು ಇಳಿದು ಮಗಳ ಪಕ್ಕಕ್ಕೆ ಬಂದು, ಅವಳ ತೋಳಿಗೆ ತೋಳು ಕೊಟ್ಟಳು. ಯಾರು ಯಾರಿಗೆ ಆಸರೆ ಎಂದು ಹೇಳಲು ಬರುವಂತಿರಲಿಲ್ಲ. ಇಬ್ಬರೂ ಇಳಿದು ಮುಂದಿನ ಗಾಡಿಯ ಎತ್ತುಗಳ ಎದುರಿಗೇ ನಿಂತರು.

"ಅವ್ವಾ, ನೀನೂ..." ಎಂದ ಸೋಮಶೇಖರಪ್ಪ.

"ನಾನೂ. ಆಕಿ ಅಪಶಕುನ ಆದ್ರ ನಾನೂ ಅಪಶಕುನ. ನಾನು ಹಡೆದವನು ನೀನು. ನೀ ಕಣ್ಣು ಬಿಟ್ಟಾಗ ಮೊದಲು ಕಂಡಿದ್ದು ಈ ಮುಖ. ಅವತ್ತು ಒಳ್ಳೇದಾದದ್ದು ಇವತ್ತು ಕೆಟ್ಟದ್ದು ಹ್ಯಾಂಗಾತಪ್ಪ?"

ಅವನು ಎತ್ತಿನ ಹಗ್ಗ ಬಿಗಿ ಹಿಡಿದ. ಆಕೆ ಬಿಡಲಿಲ್ಲ.

"ನಾನು ಮುಂಬಾಗಲ ಇಳಿದು ಎಷ್ಟು ದಿನ ಆತು, ಒಮ್ಮೆರ ಕೇಳಿದಿ ಏನು? ಕೇಳಿದ್ರೂ ನಾನು ಹೇಳ್ತಿರಲಿಲ್ಲ ಬಿಡು. ನನ್ನ ಮೊಣಕಾಲು ನಿಂದ್ರವಲ್ವು. ಕಟ್ಟಿ ಎತ್ತರ ಇರಲಿ ಅಂದಾಕಿ ನಾನಽ. ಅದರ ಮ್ಯಾಲೆ ಸೆರೆಯಾಗಿ ಕುಂತಾಕಿನೂ ನಾನಽ. ಎತ್ತು ಬಿಚ್ಚೋದಾದ್ರ ನಮ್ಮಿಬ್ಬರ ಹೆಸರಿಗೂ ಬಿಚ್ಚು." ಇಷ್ಟು ಹೇಳಿ ಆಕೆ ಜಾರುಕಲ್ಲಿನ ಕೊನೆಗೆ ಕೂತುಬಿಟ್ಟಳು. ಸಾವುಕಾರರ ತಾಯಿ, ಊರ ಬೀದಿಯ ಮಣ್ಣಲ್ಲಿ ಕಾಲು ಚಾಚಿ.

ನಗುತ್ತಿದ್ದವರಿಗೆ ತಮ್ಮ ತಮ್ಮ ಅವ್ವಂದಿರು ನೆನಪಾದರೋ ಏನೋ, ನಗೆ ಅಡಗಿತು. ಸೋಮಶೇಖರಪ್ಪ ತಾಯಿಯ ಊದಿದ ಮೊಣಕಾಲು ನೋಡಿದ. ತಂಗಿಯ ಹಣೆಯ ಗಾಯದ ಗುರುತು ನೋಡಿದ.

"ಹೂಡು ನರಸಣ್ಣಾ" ಎಂದ ಕೊನೆಗೆ.

ಗಾಡಿಗಳು ಹೊರಟವು. ಎದುರಿಗೆ ಹೂವಮ್ಮ ಬಡಿಗೆ ಊರಿ ನಿಂತಿದ್ದಳು. ತುಂಬಿದ ಕೊಡ ಹೊತ್ತ ಸೊಸೆ ಮೇಲೆ ಕಟ್ಟೆಯಲ್ಲೇ ಉಳಿದಿದ್ದಳು, ಅವಳ ನೆನಪು ಯಾರಿಗೂ ಆಗಲಿಲ್ಲ.

ಆ ಸಲ ಹತ್ತಿಗೆ ದರ ಸಿಕ್ಕಿತೋ ಇಲ್ಲವೋ ಎಂದು ಕೇಳಬೇಡಿ. ದರ ಏರುವುದು ಇಳಿಯುವುದು ಆದೋನಿಯ ಪೇಟೆಯಲ್ಲಿ. ಹೂವಮ್ಮನ ಕಾಲಿಗೂ ಅದಕ್ಕೂ ಅಂದೂ ಸಂಬಂಧವಿರಲಿಲ್ಲ, ಇಂದೂ ಇಲ್ಲ.

ಊರಿಗೆ ಮರಳಿದ ಸೋಮಶೇಖರಪ್ಪ ಮೊದಲು ಅಗಳಿ ತೆಗೆಸಿದ. ಮೆಟ್ಟಿಲುಗಳ ಅರ್ಧ ಭಾಗ ಕೀಳಿಸಿ, ಅಲ್ಲಿ ಥೇಟ್ ಹತ್ತಿ ಕೋಣೆಯಂಥದೇ ಜಾರುಕಲ್ಲು ಹಾಕಿಸಿ, ಬೀಗುತ್ತಾ ತಂಗಿಯನ್ನು ಕರೆದ. ಹೂವಮ್ಮ ಒಂದು ಹೆಜ್ಜೆ ಇಟ್ಟು ನೋಡಿ ನಕ್ಕಳು. "ಅಣ್ಣಾ, ನಾನು ಅಂಡಿಗಿ ಅಲ್ಲ, ಉಳ್ಳಿಬಿಡಾಕ. ಅವತ್ತು ಸಿಟ್ಟಿನ ಮ್ಯಾಲೆ ಇಳಿದೆ. ದಿನಾ ಸಿಟ್ಟು ಎಲ್ಲಿಂದ ತರ್ಲಿ?"

"ಮತ್ತ ಹ್ಯಾಂಗಿರಬೇಕು?"

"ಕಟ್ಟೋಕಿಂತ ಮುಂಚೆ ಕೇಳಬೇಕಾಗಿತ್ತು. ಈಗರ ಕೇಳಿದಿ. ಉದ್ದ ಬೇಕು, ಇಳಿಜಾರು ಸಣ್ಣಗಿರಬೇಕು. ಕಲ್ಲು ನುಣ್ಣಗ ಬ್ಯಾಡ, ಕಚ್ಚು ಹಾಕಿಸು, ಬಡಿಗಿ ಜಾರಬಾರದು. ಪಕ್ಕಕ್ಕ ಹಿಡಕೊಳ್ಳಾಕ ಒಂದು ಗಳ ಇರಲಿ."

ಕಿತ್ತು ಮತ್ತೆ ಹಾಕಿಸಿದ. ಕಟ್ಟೆಯ ಗತ್ತು ಅರ್ಧಕ್ಕರ್ಧ ಹೋಯಿತು, ಕಟ್ಟೆ ತುಂಬ ಜನರಾದರು, ಹೂವಮ್ಮ ಮತ್ತೆ ಸೂಜಿ ಹಿಡಿದಳು. ಗಾದಿಲಿಂಗಮ್ಮನ ಮಗಳು ಕೂಸನ್ನು ಎತ್ತಿಕೊಂಡು ಆ ದಾರಿಯಲ್ಲೇ ಬಂದು ಕೌದಿ ಒಯ್ದಳು. ಗುರುಶಾಂತಮ್ಮ ದಿನವೂ ಗಳ ಹಿಡಿದು ಇಳಿದು ಊರೆಲ್ಲ ಸುತ್ತಿ ಬರತೊಡಗಿದಳು. ಸೋಮಶೇಖರಪ್ಪ ಮಾತ್ರ ಗಾಡಿ ಹೊರಡುವ ದಿನ ಇನ್ನೂ ಸ್ವಲ್ಪ ಆಚೆ ಈಚೆ ನೋಡುತ್ತಾನೆ. ಹಳೆಯ ರೂಢಿ ಒಂದೇ ಸಲಕ್ಕೆ ಬಿಡುವುದಿಲ್ಲ. ಆದರೆ ಒಳಕೋಣೆಯ ಬಾಗಿಲು ಮುಚ್ಚುವುದಿಲ್ಲ.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಈ ಕಾಗದ ಕೆಳಗಿಟ್ಟ ಮೇಲೆ ಒಂದು ಕೆಲಸ ಮಾಡಿ. ನಿಮ್ಮ ಮನೆಯ ಕಟ್ಟೆಯನ್ನು ಬೀದಿಯಲ್ಲಿ ನಿಂತು ಬೇಕಾದಷ್ಟು ಸಲ ನೋಡಿದ್ದೀರಿ. ಇವತ್ತು ಒಳಗೆ ನಿಂತು ನೋಡಿ. ಇದನ್ನು ಇಳಿಯಲಾರದೆ ಒಳಗೇ ಉಳಿದವರು ಯಾರಿದ್ದಾರೆ? ಊರ ಚಾವಡಿಗೆ, ಶಾಲೆಗೆ, ಬಾವಿಗೆ ಬರಲಾರದವರು ಯಾರು? ಕುಂಟಿ, ಕುರುಡ ಎಂದು ಕೂಗಬೇಡಿ, ಅವರಿಗೂ ಹೆತ್ತವರಿಟ್ಟ ಹೆಸರಿದೆ. ಪಾಪ ಎನ್ನಬೇಡಿ, ದಾರಿ ಹೇಗಿರಬೇಕು ಎಂದು ಅವರನ್ನೇ ಕೇಳಿ. ಒಂದು ಗಾಡಿ ಮಣ್ಣು, ಕಚ್ಚು ಹಾಕಿದ ಕಲ್ಲು, ಹಿಡಿಯಲು ಒಂದು ಗಳ ಸಾಕು. ನಾಳೆ ನಮ್ಮ ನಿಮ್ಮ ಮೊಣಕಾಲೂ ಅದೇ ದಾರಿಯನ್ನು ಕೇಳುತ್ತವೆ. ಹತ್ತಿ ಅಂಡಿಗೆಗೆ ಕೊಟ್ಟ ದಾರಿಯನ್ನು ಮನೆಯ ಮನುಷ್ಯರಿಗೂ ಕೊಡಿ.