ಪೇಂಟರ್ ಮಾಮನ ಏಣಿ

"ಅಮ್ಮಾ, ನಾನೊಂದು ಮೆಸೇಜ್ ಹಾಕ್ಬಿಟ್ಟೆ," ಎಂದಳು ಮಗಳು, ಅಡುಗೆಮನೆಯ ಬಾಗಿಲಲ್ಲಿ ನಿಂತು. ಕೈಯಲ್ಲಿ ಅಪ್ಪನ ಫೋನು.

ತಾಯಿ ಹಾಲಿನ ಒಲೆ ಆರಿಸಿ ತಿರುಗಿದಳು. ಗಂಡನನ್ನು ಮಣ್ಣು ಮಾಡಲು ಬಂದಿದ್ದ ನೆಂಟರೆಲ್ಲ ನಿನ್ನೆ ಹೊರಟುಹೋಗಿದ್ದರು. ಮಗಳಿಗೆ ಇವತ್ತಿನಿಂದ ಶಾಲೆ, ಅವಳಿಗೆ ಕೆಲಸ.

ತನ್ನ ಫೋನು ತೆರೆದು ನೋಡಿದಳು. ಬಿಲ್ಡಿಂಗ್ ಗ್ರೂಪಿನಲ್ಲಿ ಕೆಳಮನೆಯ ಪೇಂಟರು ಬರೆದಿದ್ದರು: 'ನನ್ನ ಏಣಿ ಯಾರ ಮನೆಯಲ್ಲಿದೆ? ಕೆಲಸಕ್ಕೆ ಬೇಕಿತ್ತು, ದಯವಿಟ್ಟು ಕೊಡಿ.' ಅದರ ಕೆಳಗೆ ಗಂಡನ ನಂಬರು, ಅವನ ನಗುವ ಫೋಟೊ. ಫೋಟೊದ ಪಕ್ಕದಲ್ಲಿ: 'ನಮ್ಮಪ್ಪ ಸತ್ತುಹೋಗಿದ್ದಾರೆ. ನಿನಗೆ ಏಣಿದೇ ಚಿಂತೆ. ನಾಚಿಕೆ ಆಗಲ್ವಾ?' ಕೊನೆಯಲ್ಲಿ ಸಿಟ್ಟಿನ ಕೆಂಪು ಮುಖಗಳ ಸಾಲು. ಆಮೇಲೆ ಇಡೀ ಬಿಲ್ಡಿಂಗು ಗಪ್‌ಚಿಪ್.

ಏಣಿ ಇವರ ಬಾಲ್ಕನಿಯಲ್ಲೇ ಇತ್ತು. ಬಟ್ಟೆ ಒಣಹಾಕುವ ಹಗ್ಗ ಕಟ್ಟಲೆಂದು, ಪೇಂಟರು ಮನೆಯಲ್ಲಿಲ್ಲದಾಗ ಗಂಡ ಅದನ್ನು ಎತ್ತಿಕೊಂಡು ಬಂದಿದ್ದ. ಸಂಜೆ ಹೇಳಿದರಾಯಿತು ಎಂದಿದ್ದ. ಹಗ್ಗ ಕಟ್ಟಿದ. ಹೇಳುವ ಸಂಜೆ ಬರಲಿಲ್ಲ.

"ಅಳಿಸ್ಬಿಡ್ಲಾ?"

"ಎಲ್ರೂ ಓದಿ ಆಯ್ತಲ್ಲೇ."

ಸುಮ್ಮನಿದ್ದುಬಿಡಬಹುದಿತ್ತು. ಅಪ್ಪನಿಲ್ಲದ ಮಗು ಎಂದು ಯಾರೂ ಒಂದು ಮಾತು ಆಡುವುದಿಲ್ಲ. ಇವತ್ತು ಆಡುವುದಿಲ್ಲ, ನಾಳೆಯೂ ಆಡುವುದಿಲ್ಲ. ಮಗುವಿಗೆ ಅದೇ ಅಭ್ಯಾಸವಾಗಿಬಿಡುತ್ತದೆ. ಅವಳು ಕುರ್ಚಿ ಎಳೆದು ಕೂತಳು.

"ಇದನ್ನೇ ಮೆಟ್ಟಿಲ ಮೇಲೆ ಸಿಕ್ಕಿದ್ರೆ ಅವರಿಗೆ ಹೇಳ್ತಿದ್ಯಾ?"

"ಅಯ್ಯೋ, ಇಲ್ಲಪ್ಪ! ಮುಖ ನೋಡಿದ್ರೆ ಬೈಯೋಕೇ ಬರಲ್ಲ. ಫೋನಲ್ಲಿ ಮುಖ ಇರಲ್ವಲ್ಲ."

"ನಿಮ್ಮಪ್ಪಂಗೆ ಕಾಣ್ತಿತ್ತು."

ಮಗಳು ಯೋಚಿಸಿದಳು. "ಹೌದು! ಟೈಪ್ ಮಾಡ್ತಾ ಫೋನಿಗೇ ತಲೆ ಆಡಿಸ್ತಿದ್ರು. 'ಹೂಂ ಸಾರ್, ಹೂಂ ಸಾರ್' ಅಂತ!"

"ಮೇಲಧಿಕಾರಿಗೆ ರಜೆ ಕೇಳೋವಾಗ ಎದ್ದೇ ನಿಂತ್ಕೊಳ್ತಿದ್ರು. ಬರೀ ಬನಿಯನ್ನಲ್ಲಿ."

ಇಬ್ಬರೂ ನಕ್ಕರು. ತನ್ನ ನಗು ಕೇಳಿ ಅವಳಿಗೇ ಆಶ್ಚರ್ಯವಾಯಿತು. ಇಷ್ಟು ದಿನ ಎಲ್ಲ ಶಬ್ದವೂ ಹತ್ತಿಯೊಳಗಿಂದ ಬಂದ ಹಾಗೆ ಕೇಳುತ್ತಿತ್ತು.

"ಈಗ ನಾನೇ ಪೇಂಟರ್ ಮಾಮ. ನನ್ನ ಮುಖ ನೋಡಿ ಹೇಳು. ಹೇಳೋಕೆ ಬಂದಷ್ಟನ್ನೇ ಬರಿ."

ಅವಳು ಸೊಂಟದ ಮೇಲೆ ಕೈಯಿಟ್ಟು, ಪೇಂಟರ ಹಾಗೆ ಹೊಟ್ಟೆ ಮುಂದೆ ಮಾಡಿ ನಿಂತಳು.

"ಸಾರಿ," ಎಂದಳು ಮಗಳು, ನಗು ತಡೆದು.

"ಯಾರಮ್ಮ ನೀನು? ಯಾವುದಕ್ಕೆ ಸಾರಿ? ನನಗೆ ತೀರಿಹೋದವರ ಫೋಟೊ ಕಾಣ್ತಿದೆ, ಎದೆ ಧಸಕ್ ಅಂತು."

ಮಗಳ ನಗು ಇಳಿಯಿತು. ಅದು ಅವಳಿಗೆ ಹೊಳೆದೇ ಇರಲಿಲ್ಲ. ಬಹಳ ಹೊತ್ತು ಬರೆದಳು. ಒಂದೊಂದು ಸಾಲಿಗೂ ತಲೆಯೆತ್ತಿ ಅಮ್ಮನ ಮುಖ ನೋಡುತ್ತ ಗಟ್ಟಿಯಾಗಿ ಓದಿದಳು: 'ಮಾಮ, ನಾನು ಮೇಲಿನ ಮನೆ ಪುಟ್ಟಿ. ಅಪ್ಪನ ಫೋನಿಂದ ಬರೆದೆ, ಹೆದರಬೇಡಿ. ಕೆಟ್ಟದಾಗಿ ಮಾತಾಡಿದೆ, ತಪ್ಪಾಯ್ತು. ಏಣಿ ನಮ್ಮ ಹತ್ರ ಇದೆ. ಈಗಲೇ ತರ್ತೀವಿ.'

"ಕೊನೇಲಿ ಅಳೋ ಮುಖ ಹಾಕ್ಲಾ?"

"ನಿನ್ನ ಮುಖಾನೇ ತಗೊಂಡು ಹೋಗೋಣ, ಸಾಕು."

ಮಗಳು ಮೆಸೇಜ್ ಕಳಿಸಿದಳು. ಹಗ್ಗದ ಮೇಲಿನ ಬಟ್ಟೆ ಸರಿಸಿ ಏಣಿ ಎಳೆದುಕೊಂಡರು. ಮುಂದಿನ ತುದಿ ಅವಳದು, ಹಿಂದಿನದು ಮಗಳದು. ಮೆಟ್ಟಿಲ ತಿರುವಿನಲ್ಲಿ ಅದು ಗೋಡೆಗೆ ಸಿಕ್ಕಿಕೊಂಡಿತು. "ಎತ್ತಮ್ಮಾ! ನಿನ್ ಕಡೆ ಎತ್ತು!" ಎಂದು ಮಗಳು ಮೇಸ್ತ್ರಿಯ ಹಾಗೆ ಕೂಗಿದಳು.

ಪೇಂಟರು ಬಾಗಿಲು ತೆರೆದೇ ನಿಂತಿದ್ದರು. "ಅಯ್ಯೋ, ನೀವ್ಯಾಕಮ್ಮ ಹೊತ್ಕೊಂಡು ಬಂದ್ರಿ? ನಿಮ್ಮನೇಲಿದೆ ಅಂತ ಗೊತ್ತಿದ್ರೆ ಬಾಯೇ ಬಿಡ್ತಿರಲಿಲ್ಲ," ಎಂದು ಏಣಿಗೆ ಹೇಳಿದರು; ನೆಲಕ್ಕೆ ಹೇಳಿದರು. ಮಣ್ಣು ಮಾಡಿದ ದಿನದಿಂದ ಬಿಲ್ಡಿಂಗಿನವರೆಲ್ಲ ಹೀಗೆಯೇ, ಮುಖ ನೋಡದೆ ಅವಳ ಚಪ್ಪಲಿಯ ಜೊತೆ ಮಾತಾಡುತ್ತಿದ್ದರು.

"ಮಾಮ," ಎಂದಳು ಮಗಳು ಹಿಂದಿನ ತುದಿಯಿಂದ. "ಈ ಕಡೆ ನೋಡಿ. ಮುಖ ನೋಡೇ ಹೇಳ್ಬೇಕು ನಾನು."

ಪೇಂಟರು ತಲೆಯೆತ್ತಿದರು. ಮೊದಲು ಮಗುವನ್ನು ನೋಡಿದರು, ಆಮೇಲೆ ತಾಯಿಯನ್ನು. ಅವರ ರೆಪ್ಪೆಯ ಮೇಲೆ ಬಿಳಿ ಬಣ್ಣದ ಒಂದು ಚುಕ್ಕೆ ಇತ್ತು. ಮಗಳು ಹೇಳತೊಡಗಿದಳು. ಅವರು ಪ್ರತಿ ಮಾತಿಗೂ "ಹೂಂ, ಹೂಂ" ಎಂದು ತಲೆ ಆಡಿಸಿದರು. ತಾಯಿ ಏಣಿಯ ತನ್ನ ತುದಿಯನ್ನು ಅವರ ಕೈಗೆ ಕೊಟ್ಟಳು.